ಪೋರ್ಶೆ ಮ್ಯೂಸಿಯಂನಲ್ಲಿ ಅಪ್ಪನಿಗೆ ಹಿಡಿಸಿದ ಕಾರು

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರೋ ನಮ್ಮೋರ ಮನೆಗೆ ಊರಿಂದ ಅಪ್ಪ ಅಮ್ಮ ಬಂದ್ರೆ ತೋರಿಸ್ಲೇಬೇಕಾದ ಜಾಗಗಳಲ್ಲಿ ಸ್ಪೋರ್ಟ್ಸ್ ಕಾರು ಮಾಡೋ ಪೋರ್ಶೆ ಕಂಪನಿಯ ಮ್ಯೂಸಿಯಂ ಒಂದು. ಎಸ್6 ಟ್ರೇನ್ ಹತ್ತಿ ನಾಯ್‌ವಿರ್ಟ್ಸ್‌ಹೌಸ್ ಸ್ಟೇಷನ್ನಲ್ಲಿ ಇಳಿದ್ರೆ ಎದುರಿಗೇ ಇದೆ, ಮೂರೇ ಮೂರು ಕಂಬದ ಮೇಲೆ ನಿಂತಿರೋ ಬಿಳಿ ಬಿಲ್ಡಿಂಗ್. ಅಮ್ಮ ಮಂಡಿ ನೋವು ಅಂತ ಮನೇಲೇ ಉಳಿದ್ರು, ಅಪ್ಪ ಮಾತ್ರ ಬಂದ್ರು. ದಾವಣಗೆರೆಯಲ್ಲಿ ಎಷ್ಟೋ ವರ್ಷ ಪದ್ಮಿನಿ ಕಾರು ಓಡಿಸಿದೋರು ಅವ್ರು, ಬಾನೆಟ್ ಎತ್ತಿ ಅವ್ರೇ ಕೈ ಹಾಕೋರು.

ನಾನು ತೋರಿಸ್ಬೇಕು ಅಂತಿದ್ದಿದ್ದು ಕಾನ್ಸೆಪ್ಟ್ ಕಾರುಗಳನ್ನ, ಅಂದ್ರೆ ಮಾರೋಕಲ್ಲ, ಶೋನಲ್ಲಿ ತೋರ್ಸೋಕೆ ಅಂತ ಮಾಡೋ ಮಾದರಿಗಳನ್ನ. 1989ರ ಪನಾಮೆರಿಕಾನಾ ಅಂತ ಒಂದಿದೆ, ಕಂಪನಿ ಕಟ್ಟಿದೋರ ಮಗ ಫೆರಿ ಪೋರ್ಶೆಗೆ 80 ವರ್ಷ ತುಂಬಿದಾಗ ಕಂಪನಿಯೋರು ಕೊಟ್ಟ ಗಿಫ್ಟು, ಟಾಪು ಟೆಂಟ್ ಬಟ್ಟೇದು, ಅದಕ್ಕೆ ಜಿಪ್ಪು ಬೇರೆ. ಅಪ್ಪ ಬಗ್ಗಿ ನೋಡಿ, ಮಳೆ ಬಂದ್ರೆ ಜಿಪ್ ಕೈಗೇ ಬರಲ್ವಾ ಅಂದ್ರು. 2015ರ ಮಿಷನ್ ಇ ಬಗ್ಗೆನೂ ಹೇಳಿದೆ, ಅದೇ ಮುಂದೆ ಟೈಕಾನ್ ಅನ್ನೋ ಎಲೆಕ್ಟ್ರಿಕ್ ಕಾರು ಆಗಿದ್ದು, ಶೋನಲ್ಲಿ ಹಿಂದಿನ ಬಾಗಿಲು ಉಲ್ಟಾ ತೆಗೆಯೋ ತರ ಇತ್ತು, ಮಾರೋಕೆ ಬಂದಾಗ ಎಲ್ಲ ಕಾರಿಗೂ ಇರೋ ಬಾಗಿಲೇ. ಕಾನ್ಸೆಪ್ಟ್ ಅಂದ್ರೆ ಹಂಗೇ ಬಿಡಿ, ತೋರ್ಸೋದು ಒಂದು, ಕೊಡೋದು ಇನ್ನೊಂದು. ಅಪ್ಪ ಹೂಂ ಹೂಂ ಅಂತ ಬರ್ತಿದ್ರು ಅಷ್ಟೇ.

ಆಮೇಲೆ ಒಂದು ಸಾದಾ ನಾಲ್ಕು ಬಾಗಿಲ ಕಾರಿನ ಮುಂದೆ ನಿಂತ್ಬಿಟ್ರು. "ಏನೋ ಇದು, ನಮ್ಮ ಮಾರುತಿ ಎಸ್ಟೀಮ್ ತರ ಇದೆಯಲ್ಲೋ, ಇದ್ಯಾಕೆ ಇಲ್ಲಿ ಬಂತು?"

ಅದು ಸಿ88. ಎಸ್ಟೀಮ್ ನಮ್ಮಲ್ಲಿ ಬಂದಿದ್ದೂ 1994ರಲ್ಲೇ, ಇದನ್ನ ಬೀಜಿಂಗ್‌ನಲ್ಲಿ ತೋರಿಸಿದ್ದೂ 1994ರಲ್ಲೇ. ಚೀನಾ ಸರ್ಕಾರ ಆಗ ನಮ್ಮ ಜನಕ್ಕೆ ಒಂದು ಅಗ್ಗದ ಫ್ಯಾಮಿಲಿ ಕಾರು ಮಾಡಿ ತೋರ್ಸಿ ಅಂತ ಹೊರಗಿನ ಕಂಪನಿಗಳನ್ನ ಕರೆದಿತ್ತು. ಪೋರ್ಶೆ ಆ ಟೈಮಲ್ಲಿ ದುಡ್ಡಿಲ್ಲದೆ ಒದ್ದಾಡ್ತಿತ್ತು, ಬೇರೆಯೋರಿಗೆ ಎಂಜಿನಿಯರಿಂಗ್ ಮಾಡಿಕೊಡೋದೂ ಅವರ ಒಂದು ಕಸುಬೇ, ಸರಿ ಅಂತ ನಾಲ್ಕೇ ತಿಂಗಳಲ್ಲಿ ಇದನ್ನ ರೆಡಿ ಮಾಡಿದ್ರು. 1.1 ಲೀಟರ್ ಎಂಜಿನ್, 67 ಎಚ್‌ಪಿ. ಪೋರ್ಶೆ ಲಾಂಛನ ಎಲ್ಲೂ ಇಲ್ಲ, ಅಪ್ಪ ಒಂದು ಸುತ್ತು ಹಾಕಿ ಹುಡುಕಿದ್ರು. ಸಿ ಅಂದ್ರೆ ಚೀನಾ, 88 ಅಲ್ಲಿಯೋರ ಅದೃಷ್ಟದ ನಂಬರ್. ಆಗಿನ ಬಾಸ್ ವೆಂಡೆಲಿನ್ ವೀಡೆಕಿಂಗ್ ಭಾಷಣ ಮಾಡೋಕೆ ಅಂತ ಚೀನೀ ಭಾಷೆ ಬಾಯಿಪಾಠ ಮಾಡ್ಕೊಂಡು ಹೋಗಿದ್ರಂತೆ, ಕೆಲಸ ಬೇಕಾದಾಗ ಜರ್ಮನ್ನರೂ ಎಷ್ಟು ಬಗ್ತಾರೆ ನೋಡಿ.

ಅಪ್ಪನಿಗೆ ಮಜಾ ಅನ್ಸಿದ್ದು ಮಾತ್ರ ಹಿಂದಿನ ಸೀಟು. ಮಗುವಿಗೆ ಅಂತ ಒಂದೇ ಒಂದು ಚೈಲ್ಡ್ ಸೀಟು, ಯಾಕಂದ್ರೆ ಆಗ ಅಲ್ಲಿ ಮನೆಗೊಂದೇ ಮಗು ಅನ್ನೋ ಕಾನೂನಿತ್ತು. ಇದನ್ನ ಹೇಳಿದ್ದೇ ತಡ, "ನೀವು ಮೂರು ಜನ, ನಿಮ್ಮಜ್ಜಿ, ಅದ್ರ ಮೇಲೆ ಸಂತೆಬೆನ್ನೂರಿಂದ ತರೋ ಅಕ್ಕಿ ಮೂಟೆ, ಇದ್ರಲ್ಲಿ ಎಲ್ಲಿ ಹಾಕ್ತಿದ್ದೆ ನಾನು" ಅಂತ ಜೋರಾಗಿ ನಕ್ರು, ಪಕ್ಕದಲ್ಲಿ ಫೋಟೋ ತೆಗೀತಿದ್ದೋರು ತಿರುಗಿ ನೋಡಿದ್ರು. ನಗ್ತಾನೇ ಬಾಗಿಲ ಸಂದು, ಡಿಕ್ಕಿ, ಟೈರು ಎಲ್ಲಾ ನೋಡಿ, ಇದು ಬಂದಿದ್ರೆ ಓಡಿರೋದು ಕಣೋ ಅಂದ್ರು. ನಂಗೂ ಹಂಗೇ ಅನ್ಸುತ್ತೆ, 600 ಎಚ್‌ಪಿ ಇಟ್ಕೊಂಡು ಜನರನ್ನ ಬೆರಗು ಮಾಡೋದಕ್ಕಿಂತ 67ರಲ್ಲಿ ಒಂದು ಸಂಸಾರ ಹೊರೋ ಕಾರು ಮಾಡೋದು ಕಷ್ಟದ ಕೆಲಸ.

ಓಡ್ಲಿಲ್ಲ ಬಿಡಿ. ಚೀನಾ ಆ ಯೋಜನೆಯನ್ನೇ ಕೈಬಿಡ್ತು, ಮಾಡಿದ ಕಾರು ಮ್ಯೂಸಿಯಂ ಸೇರ್ತು. ಅದೇ ಚೀನಾ ಮುಂದೆ ಎಷ್ಟೋ ವರ್ಷ ಪೋರ್ಶೆಗೆ ಎಲ್ಲಕ್ಕಿಂತ ದೊಡ್ಡ ಮಾರ್ಕೆಟ್ ಆಗಿತ್ತು, ಅಲ್ಲಿ ಹೋಗಿದ್ದು ಕಯೆನ್, ಮಕಾನ್ ಅನ್ನೋ ಎಸ್‌ಯುವಿಗಳು.

ಹೊರಡೋ ಮುಂಚೆ ಮೊಮ್ಮಗನಿಗೆ ಆಟದ ಕಾರು ತಗೊಳ್ಳೋಣ ಅಂತ ಶಾಪಿಗೆ ಹೋದ್ವಿ. ಆ ಚೀನಾ ಕಾರು ಇದ್ಯಾ ಕೇಳು ಅಂದ್ರು ಅಪ್ಪ. ಕಣ್ಣಿಗೆ ಬಿದ್ದಿದ್ದೆಲ್ಲ ಪೋರ್ಶೆಯ ಸ್ಪೋರ್ಟ್ಸ್ ಕಾರು 911, ಕೆಂಪುದೊಂದು ತಗೊಂಡ್ವಿ, ರೂಪಾಯಿ ಲೆಕ್ಕ ಹಾಕ್ಬೇಡಿ ಅಂತ ಮೊದ್ಲೇ ಹೇಳಿದ್ದೆ, ಟ್ರೇನಲ್ಲಿ ಹಾಕೇ ಹಾಕಿದ್ರು.