‘ಫಾಲ್‌ಸ್ಟಾಫ್’ ನೋಡುವ ಮೊದಲು ಶೇಕ್ಸ್‌ಪಿಯರ್ ಓದಿಕೊಳ್ಳಬೇಕೇ?

ಶೇಕ್ಸ್‌ಪಿಯರ್‌ನ ‘ಮೆರ್ರಿ ವೈವ್ಸ್ ಆಫ್ ವಿಂಡ್ಸರ್’ ನಾಟಕ ಆಧರಿಸಿ ಇಟಲಿಯ ಸಂಗೀತಕಾರ ವರ್ಡಿ ರಚಿಸಿದ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ‘ಫಾಲ್‌ಸ್ಟಾಫ್’ ಅನ್ನು ಮೊದಲ ಸಲ ನೋಡಹೊರಟವರು ತಪ್ಪದೆ ಕೇಳುವ ಪ್ರಶ್ನೆ ಇದು. ಇಡೀ ನಾಟಕ ಓದುವುದು ಬೇಡ. ಆರಿಗೊ ಬೊಯಿಟೊ ಬರೆದ ಒಪೆರಾ ಸಾಹಿತ್ಯದ ಅನುವಾದವನ್ನು ಹಿಂದಿನ ದಿನವೇ ಓದಿ ಮುಗಿಸಿ. ಸಂಗೀತ ಸುಮಾರು ಎರಡು ಗಂಟೆಯದು, ಆದರೆ ಮಾತು ಓಡುತ್ತದೆ. ಪರದೆಯ ಮೇಲೆ ಮೂಡುವ ಅನುವಾದದ ಸಾಲುಗಳ ಹಿಂದೆ ಬಿದ್ದರೆ ವಾದ್ಯಗಳು ಮಾಡುವ ತಮಾಷೆ ಕೈತಪ್ಪುತ್ತದೆ.

‘ಮೆರ್ರಿ ವೈವ್ಸ್ ಆಫ್ ವಿಂಡ್ಸರ್’ ನಾಟಕವನ್ನೇ ತಲೆಯಲ್ಲಿಟ್ಟುಕೊಂಡು ಹೋದರೆ ಗೊಂದಲವೇ ಹೆಚ್ಚು. ಅಲ್ಲಿನ ಇಪ್ಪತ್ತರಷ್ಟು ಪಾತ್ರಗಳನ್ನು ಬೊಯಿಟೊ ಹತ್ತಕ್ಕೆ ಇಳಿಸಿದ. ನಾಟಕದಲ್ಲಿ, ಇಬ್ಬರು ಗೃಹಿಣಿಯರ ಹಿಂದೆ ಬಿದ್ದ ಮುದಿ ಸರದಾರ ಫಾಲ್‌ಸ್ಟಾಫ್‌ಗೆ ಮೂರು ಸಲ ಮುಖಭಂಗ. ಮುದುಕಿಯ ವೇಷದಲ್ಲಿ ಏಟು ತಿನ್ನುವ ಭಾಗ ಒಪೆರಾದಲ್ಲಿಲ್ಲ. ಬಟ್ಟೆಬುಟ್ಟಿಯಲ್ಲಿ ಅಡಗಿ ನದಿಗೆ ಬೀಳುವುದು, ರಾತ್ರಿ ಓಕ್ ಮರದಡಿ ವೇಷಧಾರಿಗಳಿಗೆ ಹೆದರುವುದು ಎರಡೇ ಉಳಿದಿವೆ. ಪೇಜ್ ದಂಪತಿಯ ಮಗಳು ಆನ್ ಇಲ್ಲಿ ಫೋರ್ಡ್‌ನ ಮಗಳು ನನ್ನೆಟ್ಟಾ. ನನಗೆ ಇದೇ ಅತ್ಯುತ್ತಮ ಬದಲಾವಣೆ ಅನ್ನಿಸುತ್ತದೆ: ಹೆಂಡತಿಯ ಮೇಲೆ ಸಂಶಯಪಡುವ ಗಂಡನೂ ಮಗಳ ಮದುವೆಗೆ ಹಟ ಹಿಡಿದ ಅಪ್ಪನೂ ಒಬ್ಬನೇ ಆಗಿ, ಕೊನೆಗೆ ಅವನೂ ಮೋಸಹೋಗುತ್ತಾನೆ.

ಓದಲೇಬೇಕಾದ್ದು ಫಾಲ್‌ಸ್ಟಾಫ್ ಇರುವ ಶೇಕ್ಸ್‌ಪಿಯರ್‌ನ ಇನ್ನೊಂದು ನಾಟಕ ‘ನಾಲ್ಕನೆಯ ಹೆನ್ರಿ’ ಮೊದಲ ಭಾಗದ ಐದನೇ ಅಂಕ, ಮೊದಲ ದೃಶ್ಯದ ಕೊನೆ. ಮಾನವೆಂದರೇನು, ಅದು ಮುರಿದ ಕಾಲು ಜೋಡಿಸುತ್ತದೆಯೇ ಎಂದು ಯುದ್ಧಕ್ಕೆ ಮುಂಚೆ ಫಾಲ್‌ಸ್ಟಾಫ್ ಒಬ್ಬನೇ ತರ್ಕಿಸುತ್ತಾನೆ. ಬೊಯಿಟೊ ಅದನ್ನು ಹೋಟೆಲಿಗೆ ತಂದ. ಫಾಲ್‌ಸ್ಟಾಫ್‌ನ ಪ್ರೇಮಪತ್ರ ಒಯ್ಯುವುದು ಮಾನಕ್ಕೆ ಕುಂದು ಎಂದ ಇಬ್ಬರು ಆಳುಗಳ ಮೇಲೆ ಅದೇ ತರ್ಕ ಬೈಗುಳವಾಗಿ ಬೀಳುತ್ತದೆ.

ಮೊದಲ ಅಂಕದ ಎರಡನೇ ದೃಶ್ಯದಲ್ಲಿ ಬಹಳ ಜನ ಸೋಲುತ್ತಾರೆ. ನಾಲ್ವರು ಹೆಂಗಸರು 6/8 ತಾಳದಲ್ಲಿ, ಐವರು ಗಂಡಸರು 2/2 ತಾಳದಲ್ಲಿ, ಒಟ್ಟಿಗೇ ಹಾಡುತ್ತಾರೆ. ಒಂಬತ್ತು ಜನರ ಮಾತು ಬಿಡಿಸಿಕೊಳ್ಳಲು ಹೋಗಬೇಡಿ. ನನ್ನೆಟ್ಟಾಳ ಪ್ರಿಯಕರ ಫೆಂಟನ್‌ನ ನೀಳ ರಾಗವೊಂದನ್ನೇ ಹಿಡಿದುಕೊಳ್ಳಿ, ಉಳಿದವು ಅದರ ಸುತ್ತ ಸ್ಪಷ್ಟವಾಗುತ್ತವೆ. ದೊಡ್ಡ ಹಾಡಿಗಾಗಿ ಕಾದು ಕೂರುವುದೂ ಬೇಡ. ಎಲ್ಲರ ಬಾಯಲ್ಲಿರುವ, ಫಾಲ್‌ಸ್ಟಾಫ್ ಹಾಡುವ ‘ಕ್ವಾಂಡೆರೊ ಪಾಜ್ಜೊ’ ಅರ್ಧ ನಿಮಿಷದಷ್ಟೇ.

ಮೂರನೇ ಅಂಕದ ಆರಂಭಕ್ಕೆ ಮಾತ್ರ ಪೂರ್ತಿ ಗಮನ ಕೊಡಿ. ಥೇಮ್ಸ್‌ಗೆ ಬಿದ್ದು ನೆನೆದ ಫಾಲ್‌ಸ್ಟಾಫ್ ಬಿಸಿ ವೈನ್ ಕುಡಿಯುತ್ತಾನೆ. ಅಮಲು ಏರಿದಂತೆ ಎರಡು ಸ್ವರಗಳ ಸಣ್ಣ ಕಂಪನವೊಂದು ವಾದ್ಯದಿಂದ ವಾದ್ಯಕ್ಕೆ ಹಬ್ಬಿ, ಇಡೀ ಆರ್ಕೆಸ್ಟ್ರಾ ನಡುಗುತ್ತದೆ. 1893ರ ಫೆಬ್ರವರಿ 9ರಂದು ಮಿಲಾನಿನ ಲಾ ಸ್ಕಾಲಾದಲ್ಲಿ ಇದು ಮೊದಲು ಕೇಳಿಸಿದಾಗ ವರ್ಡಿಗೆ 79 ವರ್ಷ.