ಬುರ್ರೊ: ಬೆಣ್ಣೆಯೋ ಕತ್ತೆಯೋ

ಇಟಲಿಯ ಅಂಗಡಿಯಲ್ಲಿ ‘ಬುರ್ರೊ’ ಕೇಳಿದರೆ ಬೆಣ್ಣೆ ಕೊಡುತ್ತಾರೆ. ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಭಾಷೆಗಳಲ್ಲಿ ಅದೇ ಅಕ್ಷರಗಳ ಪದಕ್ಕೆ ಕತ್ತೆ ಎಂದರ್ಥ, ನಮ್ಮಲ್ಲಿಯಂತೆಯೇ ಅಲ್ಲಿಯೂ ಅದು ದಡ್ಡನನ್ನು ಬೈಯುವುದಕ್ಕೆ ಒದಗುತ್ತದೆ. ಮೂರೂ ಲ್ಯಾಟಿನ್‌ನಿಂದ ಹುಟ್ಟಿದ ಭಾಷೆಗಳಾದರೂ ಈ ಎರಡು ಪದಗಳ ನಡುವೆ ನಂಟಿಲ್ಲ. ಇಟಾಲಿಯನ್ ಪದವು ಹಳೆಯ ಫ್ರೆಂಚಿನ ಮೂಲಕ ಬಂದದ್ದು. ಅದರ ಹಿಂದೆ ಲ್ಯಾಟಿನ್‌ನ ‘ಬುಟೀರುಮ್’, ಅದಕ್ಕೂ ಹಿಂದೆ ಗ್ರೀಕರ ‘ಬೂಟೀರಾನ್’ ಇದ್ದು, ಇದನ್ನು ಸಾಮಾನ್ಯವಾಗಿ ‘ಹಸುವಿನ ಚೀಸ್’ ಎಂದು ಬಿಡಿಸುತ್ತಾರೆ. (ಬೆಣ್ಣೆಯನ್ನು ಚೀಸ್ ಎಂದು ಕರೆದದ್ದು, ಆಲಿವ್ ಎಣ್ಣೆಯ ನಾಡಿನವರಿಗೆ ಬೆಣ್ಣೆಯ ಪರಿಚಯ ಅಷ್ಟಕ್ಕಷ್ಟೇ ಇದ್ದುದರಿಂದ ಎಂದು ನನಗನ್ನಿಸುತ್ತದೆ.) ಇಂಗ್ಲಿಷಿನ ‘ಬಟರ್’ ಕೂಡ ಇದೇ ಬಳ್ಳಿಯದು. ಕತ್ತೆಯ ಹೆಸರಾದರೋ, ಸಣ್ಣ ಕುದುರೆಯನ್ನು ಸೂಚಿಸುತ್ತಿದ್ದ ‘ಬುರ್ರಿಕುಸ್’ನಿಂದ ‘ಬೊರ್ರಿಕೊ’ ಆಗಿ, ಬಳಿಕ ಬಾಲ ಕಳೆದುಕೊಂಡು ‘ಬುರ್ರೊ’ ಆಯಿತು. ಮೆಕ್ಸಿಕೊದ ತಿನಿಸು ‘ಬುರಿಟೊ’ ಎಂದರೆ ಅಕ್ಷರಶಃ ಪುಟ್ಟ ಕತ್ತೆ. ಸ್ಪೇನಿನಲ್ಲಿ ಬೆಣ್ಣೆಗೆ ‘ಮಾಂಟೆಕಿಯ’ ಎನ್ನುತ್ತಾರೆ. ಅಲ್ಲಿ ಹಂದಿಕೊಬ್ಬಿಗೆ ಬಳಸುವ ‘ಮಾಂಟೆಕ’ ಎಂಬ ಪದವೇ ಅರ್ಜೆಂಟೀನಾದಲ್ಲಿ ಬೆಣ್ಣೆಯ ಹೆಸರು.