ಹಳೇ ಫೋರ್ ಬೈ ಫೋರ್: ಮುಂದಿನ ಆಕ್ಸಲ್ ಕೆಲಸ ಎಲ್ಲಿಗೆ ಬಂತು

ಗಾಡಿ ತಗೊಂಡೆ ಅಂದರೆ ಎಲ್ಲರೂ ಎಂಜಿನ್ ಬಗ್ಗೆ ಕೇಳುತ್ತಾರೆ. ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್‌ನಲ್ಲಿ ಕೇಳಬೇಕಾದ್ದು ಬೇರೆ: ಮುಂದಿನ ಚಕ್ರಗಳಿಗೂ ಶಕ್ತಿ ಕೊಡಲು ಎಳೆಯುವ ಆ ಚಿಕ್ಕ ಲಿವರನ್ನು ಹಿಂದಿನ ಓನರ್ ಎಳೆದದ್ದು ಯಾವಾಗ? ನನ್ನ ಗಾಡಿಯಲ್ಲಿ ಎರಡೂ ಕೈ ಹಾಕಿದರೂ ಅದು ಅಲ್ಲಾಡುತ್ತಿರಲಿಲ್ಲ. ಅಂದರೆ ಮುಂದಿನ ಆಕ್ಸಲ್ ಇಷ್ಟು ವರ್ಷ ಸುಮ್ನೆ ಭಾರ ಹೊತ್ತು ಓಡಾಡಿದೆ. ಇಂಥ ಗಾಡಿ ಇಟ್ಟುಕೊಂಡಿರುವ ಗೆಳೆಯರ ಅನುಭವವೂ ಇದೇ, ಬಳಸಿ ಸವೆದದ್ದಕ್ಕಿಂತ ಬಳಸದೇ ಹಿಡಿದುಕೊಂಡದ್ದೇ ಜಾಸ್ತಿ.

ಮೊದಲು ಆಯಿಲ್. ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸ್‌ನ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ), ಮುಂದೆ ಹಿಂದೆ ಒಂದೊಂದು ಡಿಫರೆನ್ಷಿಯಲ್ (ತಿರುವಿನಲ್ಲಿ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್‌ಗಳು), ಮೂರರ ಆಯಿಲ್ ಕೂಡ ಇಳಿಸಿದೆ. ಯಾವಾಗಲೂ ಮೇಲಿನ ಫಿಲ್ಲರ್ ಬೋಲ್ಟ್ ಮೊದಲು ಬಿಚ್ಚಿ, ಆಮೇಲೆ ಕೆಳಗಿನ ಡ್ರೇನ್ ಬೋಲ್ಟ್. ಆಯಿಲ್ ಎಲ್ಲ ಸುರಿದ ಮೇಲೆ ಮೇಲಿನದು ತುಕ್ಕು ಹಿಡಿದು ಬಿಚ್ಚಲೇ ಇಲ್ಲ ಅಂದರೆ ಗಾಡಿ ನಿಂತಲ್ಲೇ ನಿಲ್ಲಬೇಕಾಗುತ್ತದೆ, ಅಲ್ವಾ? ಹಿಂದಿನದು ಕಪ್ಪಗಿತ್ತು ಅಷ್ಟೇ. ಮುಂದಿನದು ಹಾಲು ಬೆರೆಸಿದ ಕಾಫಿ ಬಣ್ಣ. ನೀರು ಹೋಗಿದೆ. ಡಿಫರೆನ್ಷಿಯಲ್ ಬಿಸಿ ಇದ್ದಾಗ ಗಾಡಿಯನ್ನು ನೀರಿಗೆ ಇಳಿಸಿದರೆ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಗಾಳಿ ಓಡಾಡಲು ಇರುವ ಸಣ್ಣ ಕಿಂಡಿ, ಅಂದರೆ ಬ್ರೀದರ್‌ನಲ್ಲಿ ಮಣ್ಣು ಕಟ್ಟಿದ್ದರೆ ಹೊರಗಿನ ಗಾಳಿಗೆ ದಾರಿ ಇಲ್ಲ, ಆಗ ಆಯಿಲ್ ಸೀಲ್ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಹಾಗಾಗಿ ಬರೀ ಆಯಿಲ್ ಬದಲಿಸಿದರೆ ಸಾಲದು. ಬ್ರೀದರ್ ಕ್ಲೀನ್ ಮಾಡಿ, ಅದಕ್ಕೊಂದು ಉದ್ದ ಪೈಪ್ ಸೇರಿಸಿ ಬಾನೆಟ್ ಒಳಗೆ ಎತ್ತರಕ್ಕೆ ಕಟ್ಟಿದ್ದೇನೆ. ಡಿಫರೆನ್ಷಿಯಲ್‌ಗಳಿಗೆ ಜಿಎಲ್-5 ದರ್ಜೆಯ ಗೇರ್ ಆಯಿಲ್ ಹಾಕಿದೆ. ಟ್ರಾನ್ಸ್‌ಫರ್ ಕೇಸ್‌ಗೆ ಮಾತ್ರ ಮ್ಯಾನ್ಯುಯಲ್ ನೋಡಿಯೇ ಹಾಕಿ, ಕೆಲವು ಗಾಡಿಗಳಲ್ಲಿ ಅಲ್ಲಿಗೆ ಹೋಗುವುದು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್.

ಲಿವರ್ ಕೀಲುಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ನೆನೆಯಲು ಬಿಟ್ಟು, ಹಿಂದೆ ಮುಂದೆ ಆಡಿಸುತ್ತಾ ಹೋದೆ, ಬಂತು. ಆದರೂ ಡ್ಯಾಶ್‌ನ ಫೋರ್ ವೀಲ್ ಲೈಟ್ ಮಿಣುಕುತ್ತಲೇ ಇತ್ತು. ಮುಂದಿನ ಚಕ್ರವನ್ನು ಶಾಫ್ಟ್‌ಗೆ ಕೂಡಿಸುವ ಹಬ್‌ಗೆ ಹೋಗುವ ವ್ಯಾಕ್ಯೂಮ್ ಪೈಪ್ (ಗಾಳಿ ಎಳೆದು ಹಬ್ ಕೂಡಿಸುವ ಪೈಪ್) ಬಿರುಕು ಬಿಟ್ಟಿತ್ತು. ಪೈಪ್ ಬದಲಿಸಿದ ಮೇಲೆ ಲೈಟ್ ನಿಂತು ಉರಿಯುತ್ತಿದೆ.

ಈಗ ಓಡಿಸುವ ಮಾತು. ನನ್ನದು ಪಾರ್ಟ್ ಟೈಮ್ ಸಿಸ್ಟಂ, ಬೇಕಾದಾಗ ಮಾತ್ರ ಫೋರ್ ವೀಲ್. ಮಧ್ಯದಲ್ಲಿ ಡಿಫರೆನ್ಷಿಯಲ್ ಇಲ್ಲ, ಹಾಗಾಗಿ ಲಿವರ್ ಎಳೆದರೆ ಮುಂದಿನ ಹಿಂದಿನ ಆಕ್ಸಲ್ ಎರಡೂ ಒಂದೇ ವೇಗದಲ್ಲೇ ತಿರುಗಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಉರುಳಬೇಕು. ಮಣ್ಣಿನಲ್ಲಾದರೆ ಟಯರ್ ಸ್ವಲ್ಪ ಜಾರಿ ಸರಿಹೋಗುತ್ತದೆ, ಒಣಗಿದ ಟಾರ್ ರಸ್ತೆಯಲ್ಲಿ ಜಾರಲು ಜಾಗವಿಲ್ಲದೆ ಆ ಎಳೆತವೆಲ್ಲ ಶಾಫ್ಟ್ ಮತ್ತು ಗೇರ್‌ಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಲಿವರ್ ವಾಪಸ್ ಬರದಿದ್ದರೆ ಬಲ ಹಾಕಬೇಡಿ, ನೇರವಾಗಿ ಒಂಚೂರು ರಿವರ್ಸ್ ಹೋಗಿ, ಬಿಡುತ್ತದೆ. ಪಜೇರೊದ ಸೂಪರ್ ಸೆಲೆಕ್ಟ್‌ನಂಥದ್ದರಲ್ಲಿ ಈ ತಲೆನೋವಿಲ್ಲ, ಅದಕ್ಕೆ ಸೆಂಟರ್ ಡಿಫರೆನ್ಷಿಯಲ್ ಇದೆ. ಹೊಟ್ಟೆಕಿಚ್ಚು ಇಲ್ಲ ಅಂದರೆ ಸುಳ್ಳಾಗುತ್ತದೆ.

ಲೋ ರೇಂಜ್ (ವೇಗ ಕಡಿಮೆ ಮಾಡಿ ಎಳೆತ ಹೆಚ್ಚಿಸುವ ಗೇರ್) ಅಂದರೆ ಕೆಸರಿನಿಂದ ಮೇಲೆ ಬರಲು ಅಂತ ಅಂದುಕೊಂಡವರೇ ಹೆಚ್ಚು. ನನಗೆ ಅದರ ನಿಜವಾದ ಬೆಲೆ ಗೊತ್ತಾದದ್ದು ಇಳಿಜಾರಿನಲ್ಲಿ. ಫಸ್ಟ್ ಗೇರ್ ಹಾಕಿ ಕಾಲು ಎರಡೂ ಪೆಡಲ್‌ನಿಂದ ತೆಗೆದರೆ ಎಂಜಿನ್ನೇ ಹಿಡಿದು ನಡೆಸುತ್ತದೆ, ಬ್ರೇಕ್ ಬಿಸಿಯಾಗುವ ಮಾತೇ ಇಲ್ಲ. ಆದರೆ ಒದ್ದೆ ರಸ್ತೆಯಲ್ಲಿ ಬೇಗ ನಿಲ್ಲಿಸಲು ಫೋರ್ ವೀಲ್ ಏನೂ ಸಹಾಯ ಮಾಡಲ್ಲ. ನಿಲ್ಲಿಸುವುದು ಟಯರ್ ಮತ್ತು ಬ್ರೇಕ್.

ಹೈವೇಯಲ್ಲಿ? ಗಾಳಿ ಸದ್ದು, ಹಿಂದಿನ ಸೀಟಿನಲ್ಲಿ ಕುಲುಕಾಟ, ಯೂ ಟರ್ನ್‌ಗೆ ಎರಡು ಸಲ ರಿವರ್ಸ್. ಒಗ್ಗಿಹೋಗುತ್ತದೆ.

ಬಾಕಿ ಇರುವುದು ಟಯರ್. ಮುಂದಿನ ಎರಡು ಹೊಸವು, ಹಿಂದಿನವು ಸವೆದಿವೆ. ಸುತ್ತಳತೆ ಬೇರೆಯಾದರೆ ನೇರ ರಸ್ತೆಯಲ್ಲೂ ಮುಂದಿನ ಮತ್ತು ಹಿಂದಿನ ಆಕ್ಸಲ್ ಜಗಳಾಡುತ್ತವೆ. ನಾಲ್ಕೂ ಒಂದೇ ಸೈಜ್, ಒಂದೇ ಸವೆತ ಆಗುವವರೆಗೆ ಲಿವರ್ ಎಳೆಯುವುದು ಮಣ್ಣಿನ ಮೇಲೆ ಮಾತ್ರ, ಅದೂ ಆಗಾಗ, ಮತ್ತೆ ಹಿಡಿದುಕೊಳ್ಳಬಾರದು ಅಂತ.